ಮೊದಲು ಪುಡಿ ನೋಡಿ

ಕೇಳುಗರಿಗೆ ನಮಸ್ಕಾರ. ಹೊಸ ಫ್ಲ್ಯಾಟುಗಳಲ್ಲಿ ಮಲಗುವ ಕೋಣೆಗೆ ಅಂಟಿಕೊಂಡು ಒಂದು ಪುಟ್ಟ ಬಟ್ಟೆಕೋಣೆ ಇರುತ್ತದಲ್ಲ, ವಾಕ್-ಇನ್ ವಾರ್ಡ್‌ರೋಬ್ ಅಂತೀವಿ, ಅದರ ಗೋಡೆಗೆ ಪಟ್ಟಿ ಹೊಡೆಯುವ ವಿಚಾರ ಇವತ್ತು. ಮೇಲೆ ಅಡ್ಡಕ್ಕೊಂದು ಉಕ್ಕಿನ ಪಟ್ಟಿ, ಅದಕ್ಕೆ ನೇತುಬಿಟ್ಟ ಚಾನೆಲ್‌ಗಳು, ಚಾನೆಲ್ ತೂತಿಗೆ ಸಿಕ್ಕಿಸುವ ಬ್ರಾಕೆಟ್, ಬ್ರಾಕೆಟ್ ಮೇಲೆ ಹಲಗೆ. ಅಷ್ಟೇ. ಭಾರವೆಲ್ಲ ಬೀಳೋದು ಆ ಮೇಲಿನ ಪಟ್ಟಿಗೆ. ಅಂಗಡಿಗೆ ಹೋದವರು ಪಟ್ಟಿ ಎಷ್ಟು ಗೇಜು, ಬಣ್ಣ ಯಾವುದು ಅಂತೆಲ್ಲ ವಿಚಾರಿಸ್ತಾರೆ. ಮನೆ ಗೋಡೆ ಯಾವುದು ಅಂತ ಒಬ್ಬರೂ ಯೋಚಿಸಲ್ಲ! ಪಟ್ಟಿಯನ್ನ ಹಿಡಿಯೋದು ಗೋಡೆ, ಸ್ವಾಮಿ.

ಗೋಡೆ ಗುರುತಿಸೋದು ಸುಲಭ. ಕೊರೆಯುವಾಗ ಕೆಳಗೊಂದು ಕಾಗದ ಹಿಡಿದು ಪುಡಿ ನೋಡಿ. ಮೊದಲ ಅರ್ಧ ಇಂಚು ಪುಟ್ಟಿ, ಗಾರೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಕೆಂಪು ಬಂದರೆ ಇಟ್ಟಿಗೆ, ಮಂಗಳೂರು ಕಡೆಯಾದರೆ ಮುರಕಲ್ಲು. ಬೂದು ಪುಡಿ ಬಂದು ಡ್ರಿಲ್ ಕಿರುಚಾಡಿದರೆ ಕಾಂಕ್ರೀಟ್. ಡ್ರಿಲ್ ಸಲೀಸಾಗಿ ಒಳಗಿಳಿದು ಮೈದಾಹಿಟ್ಟಿನಂಥ ಪುಡಿ ಉದುರಿದರೆ ಹುಷಾರು, ಅದು ಎಎಸಿ ಬ್ಲಾಕು, ಅಂದರೆ ಹಗುರ ಕಾಂಕ್ರೀಟಿನ ದೊಡ್ಡ ಇಟ್ಟಿಗೆ. ಒಳಗೆಲ್ಲ ಗಾಳಿಗುಳ್ಳೆ.

ವೈಟ್‌ಫೀಲ್ಡ್ ಕಡೆ ಒಬ್ಬ ಟೀಚರಮ್ಮ, ಮಗಳ ಮದುವೆಯ ಸೀರೆಗಳನ್ನೆಲ್ಲ ಇಂಥದೇ ಗೋಡೆಗೆ ಪಟ್ಟಿ ಹೊಡೆಸಿ ನೇತುಹಾಕಿದ್ದರು. ಜರಿ ರೇಷ್ಮೆ ಸೀರೆ ಒಂದೊಂದೂ ಮುಕ್ಕಾಲು ಕೆ.ಜಿ. ತೂಗೋದುಂಟು. ನಡುರಾತ್ರಿ ಧಡಾರ್ ಅಂತ ಸದ್ದು. ಕಳ್ಳ ಅಂದುಕೊಂಡು ಯಜಮಾನರು ಮೊಮ್ಮಗನ ಕ್ರಿಕೆಟ್ ಬ್ಯಾಟ್ ಹಿಡಿದು ಎದ್ದರಂತೆ. ಬಟ್ಟೆಕೋಣೆ ಬಾಗಿಲು ತಳ್ಳಿದರೆ ತೆರೆಯಲೊಲ್ಲದು, ಒಳಗಿಂದ ಯಾರೋ ಒತ್ತಿ ಹಿಡಿದಿದ್ದಾರೆ! ವಾಚ್‌ಮನ್ ಬಂದ, ಪಕ್ಕದ ಮನೆಯವರು ಬಂದರು, ಎಲ್ಲ ಸೇರಿ ನೂಕಿದರೆ ಒಳಗೆ ಸೀರೆ ರಾಶಿ. ಬೆಳಿಗ್ಗೆ ನಾನು ಹೋದಾಗ ಟೀಚರಮ್ಮನ ಪ್ರಶ್ನೆ, "ಪಟ್ಟಿ ಒಂಚೂರೂ ಬಾಗಿಲ್ಲ ನೋಡಿ, ಮತ್ಯಾಕೆ ಬಿತ್ತು?" ಪಟ್ಟಿ ಯಾಕಮ್ಮ ಬಾಗುತ್ತೆ! ನೆಲದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಗಿಟ್ಟಿ, ಸ್ಕ್ರೂ ಹಿಡಿಯಲಿ ಅಂತ ತೂತಿಗೆ ತುರುಕೋ ರಾವಲ್ ಪ್ಲಗ್ ಅಂತೀವಲ್ಲ, ಅದನ್ನೆತ್ತಿ ಅವರ ಅಂಗೈಗೆ ಕೊಟ್ಟೆ. ಉದ್ದ ಬರೀ ಒಂದಿಂಚು. ತಲೆ ಕಡೆ ಗಾರೆಯ ಚಕ್ಕೆ, ತುದಿಗೆ ಬಿಳಿ ಪುಡಿ. ಅಂದರೆ ಅರ್ಧ ಗಾರೆಯಲ್ಲೇ ಕೂತಿತ್ತು. ಸಾಲದ್ದಕ್ಕೆ ಡ್ರಿಲ್ಲಿನ ಹ್ಯಾಮರ್ ಹಾಕಿ, ಅಂದರೆ ಕುಟ್ಟುತ್ತಾ ಕೊರೆದು, ತೂತನ್ನೂ ಅಗಲ ಮಾಡಿದ್ದರು. ಎಎಸಿಗೆ ಹ್ಯಾಮರ್ ಬೇಡ್ರೀ, ಬರೀ ತಿರುಗಿಸಿ ಕೊರೀರಿ. ರೆಕ್ಕೆಯಿರುವ ಉದ್ದನೆ ಗಿಟ್ಟಿ ಅದಕ್ಕೆಂದೇ ಬರುತ್ತೆ, ಕೇಳಿ ತನ್ನಿ.

ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ, ಸಮಯ ಆಯ್ತಂತೆ. ಬೇಗ ಹೇಳಿಬಿಡ್ತೀನಿ. ಸ್ವಿಚ್‌ಬೋರ್ಡಿನ ನೇರಕ್ಕೆ ಕೊರೆಯಬೇಡಿ, ಒಳಗೆ ವೈರಿನ ಪೈಪಿರುತ್ತೆ. ಗೋಡೆಯಾಚೆ ಬಚ್ಚಲಿದ್ದರೆ ಆ ಗೋಡೆಯ ಸಹವಾಸವೇ ಬೇಡ. ಪಟ್ಟಿಗೆ ರಸಮಟ್ಟ ಇಟ್ಟು ನೋಡಿ, ಚಾವಣಿಯಿಂದ ಅಳೆದರೆ ಕೆಟ್ಟಿರಿ. ಇನ್ನು, ಪುಡಿ ನೋಡಿ ಅಂದಾಗ ನಿಮ್ಮ ಕಾರ್ಪೆಂಟರ್ "ಯಾವ ಗೋಡೆಯಾದರೂ ಒಂದೇ ಸಾರ್" ಅಂದರೆ, ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ನಮಸ್ಕಾರ.