ರಸ್ಟ್ ಕಲಿಯೋರು ಮೊದ್ಲು ಯಾವ ಲೆಕ್ಕ ಬಿಡಿಸ್ಬೇಕು

ಕೇಳುಗ ಬಂಧುಗಳಿಗೆಲ್ಲ ನಮಸ್ಕಾರ್ರೀ. ಇವತ್ತಿನ ಮಾತು ಕೋಡಿಂಗ್ ಬಗ್ಗೆ, ಅದ್ರಾಗೂ ರಸ್ಟ್ ಅನ್ನೋ ಭಾಷೆ ಕಲಿಯಾಕ ಹೊಂಟ ನಮ್ಮ ಹುಡುಗ್ರು ಹುಡುಗ್ಯಾರ ಬಗ್ಗೆ. ರೇಡಿಯೋದಾಗ ಕೋಡ್ ತೋರ್ಸಾಕ ಬರಂಗಿಲ್ಲ, ಹಿಂಗಾಗಿ ಬ್ರಾಕೆಟ್ಟು ಸೆಮಿಕೋಲನ್ನು ನೀವೇ ಮನಸ್ಸಿನ್ಯಾಗ ಹಾಕ್ಕೊಂತ ಕೇಳ್ರಿ.

ಗಂಗಾವತಿ, ಕೊಪ್ಪಳ ಕಡೆ ಬಿಸಿಎ ಓದೋರು, ಇಂಜಿನಿಯರಿಂಗ್ ಓದೋರು ಆಗಾಗ ಸಿಗ್ತಾರ. "ಸರ್, ರಸ್ಟ್ ಭಾಳ ತ್ರಾಸ ಐತ್ರಿ, ಕಂಪೈಲರ್ ಮುಂದಕ್ಕ ಬಿಡವಲ್ದು" ಅಂತಾರ. ಕಂಪೈಲರ್ ಅಂದ್ರ ನಾವು ಬರ್ದ ಕೋಡ್ ಪರೀಕ್ಷೆ ಮಾಡಿ ಮಷೀನ್‌ಗೆ ತಿಳಿಯಂಗ ತಿರುಗ್ಸೋ ಪ್ರೋಗ್ರಾಮ್. ಏನ್ ಬರಿಯಾಕತ್ತೀಯಪ್ಪ ಅಂತ ಕೇಳಿದ್ರ ಹತ್ತರಾಗ ಎಂಟು ಮಂದಿ ಹೇಳೋದು ಒಂದೇ, ಲಿಂಕ್ಡ್ ಲಿಸ್ಟ್, ಅಂದ್ರ ಒಂದರ ಕೈ ಒಂದು ಹಿಡ್ಕೊಂಡ ಸರಪಳಿಯಂಥ ಪಟ್ಟಿ. ಯಾಕಂದ್ರ ಕಾಲೇಜಿನ್ಯಾಗ ಸಿ ಕಲ್ಸುವಾಗ ಡೇಟಾ ಸ್ಟ್ರಕ್ಚರ್ ಲ್ಯಾಬ್ ಅಂದ್ರ ಅದು ಬಂದೇ ಬರ್ತೈತಿ, ಅದೇ ಪಟ್ಟಿ ಹಿಡ್ಕೊಂಡು ರಸ್ಟ್‌ನಾಗೂ ಕುಂತ್ಬಿಡ್ತಾರ. ನನ್ನ ಮಾತು ಇಷ್ಟೇ, ತಪ್ಪು ಹುಡುಗ್ರದೂ ಅಲ್ಲ ಭಾಷೇದೂ ಅಲ್ಲ, ಆರಿಸ್ಕೊಂಡ ಲೆಕ್ಕದ್ದು.

ರಸ್ಟ್ ಎಲ್ಲಿಂದ ಬಂತು ಅನ್ನೋದನ್ನ ಚೂರು ಹೇಳಿ ಮುಂದ ಹೋಗ್ತೀನಿ. 2006ರಾಗ ಗ್ರೇಡನ್ ಹೋರ್ ಅನ್ನೋರು ತಮ್ಮ ಸ್ವಂತ ಕೆಲಸ ಅಂತ ಶುರು ಮಾಡಿದ್ದು, ಆಮ್ಯಾಲ ಮೊಜಿಲ್ಲಾ ಕಂಪನಿ ಬೆನ್ನಿಗೆ ನಿಂತ್ತು, 2015ರ ಮೇ 15ಕ್ಕ 1.0 ಬಂತು. 2022ರ ಡಿಸೆಂಬರ್‌ನಾಗ ಬಂದ ಲಿನಕ್ಸ್ 6.1 ಕರ್ನಲ್‌ನಾಗ, ಅಂದ್ರ ಆ ಆಪರೇಟಿಂಗ್ ಸಿಸ್ಟಂನ ತಿರುಳಿನ್ಯಾಗ, ಇದಕ್ಕೂ ಜಾಗ ಸಿಕ್ತು. ಇಷ್ಟು ಮರ್ಯಾದಿ ಯಾಕಂದ್ರ ಮೆಮೊರಿ. 2019ರಾಗ ಮೈಕ್ರೋಸಾಫ್ಟ್‌ನವ್ರೇ ಹೇಳಿದ್ರು, ತಾವು ಪ್ರತಿ ವರ್ಷ ಸರಿ ಮಾಡೋ ಭದ್ರತಾ ದೋಷದಾಗ ಸುಮಾರು ಶೇಕಡ 70ರಷ್ಟು ಮೆಮೊರಿ ತಪ್ಪಿಂದ ಹುಟ್ಟಿದ್ದು ಅಂತ. ಆ ತಪ್ಪುಗಳನ್ನ ಪ್ರೋಗ್ರಾಮ್ ಓಡೋಕಿಂತ ಮೊದ್ಲೇ ಹಿಡಿಯೋದು ರಸ್ಟ್ ಕಂಪೈಲರ್ ಕೆಲಸ, ಅದಕ್ಕೇ ಅದು ಅಷ್ಟು ಕಿರಿಕಿರಿ ಮಾಡ್ತೈತಿ.

ಈಗ ಲಿಂಕ್ಡ್ ಲಿಸ್ಟ್ ಯಾಕ ಬ್ಯಾಡ ಅಂತೀನಿ ಕೇಳ್ರಿ. ರಸ್ಟ್‌ನಾಗ ಒಂದು ವ್ಯಾಲ್ಯೂಗೆ ಒಬ್ಬನೇ ಓನರ್. ಎರಡೂ ಕಡೆ ಕೈ ಹಿಡಿಯೋ ಡಬ್ಲಿ ಲಿಂಕ್ಡ್ ಲಿಸ್ಟ್‌ನಾಗ ಒಂದು ನೋಡ್‌ಗೆ, ಅಂದ್ರ ಸರಪಳಿಯ ಒಂದು ಕೊಂಡಿಗೆ, ಹಿಂದಿನವ್ನೂ ಕೈ ಹಿಡ್ದಿರ್ತಾನ ಮುಂದಿನವ್ನೂ ಹಿಡ್ದಿರ್ತಾನ, ಓನರ್ ಯಾರು? ಉತ್ತರ ಕೊಡ್ಬೇಕಂದ್ರ ಒಂದು ವ್ಯಾಲ್ಯೂನ ಹಲವ್ರು ಹಂಚ್ಕೊಳ್ಳಾಕ ಇರೋ ಆರ್‌ಸಿ, ರೆಫ್‌ಸೆಲ್, ವೀಕ್ ಇವೆಲ್ಲ ಬೇಕು, ಇಲ್ಲಾಂದ್ರ ಕಂಪೈಲರ್‌ನ ಕೆಲವು ಕಾವಲು ಬಿಟ್ಟು ಅನ್‌ಸೇಫ್ ಬರೀಬೇಕು. ಸಾದಾ ಒಂದ್ಕಡೆ ಲಿಸ್ಟ್ ಬರೀತೀನಿ ಅಂದ್ರೂ ಮುಂದಿನ ನೋಡ್‌ನ ಬ್ಯಾರೆ ಜಾಗದಾಗ ಇಡೋ ಬಾಕ್ಸ್ ಹಾಕ್ಲಿಲ್ಲಾಂದ್ರ ಈ ಟೈಪಿಗೆ ಸೈಜ್‌ಗೆ ಮಿತಿನೇ ಇಲ್ಲ ಅಂತ ಎರರ್ ಬರ್ತೈತಿ. ಕಲಿಯಾಕ ಹತ್ತಿ ಇನ್ನೂ ವಾರ ಆಗಿರಂಗಿಲ್ಲ, ಇದೆಲ್ಲ ಯಾಕ್ ಬೇಕು.

ಹಂಗಾದ್ರ ಏನ್ ಬಿಡಿಸ್ಬೇಕು? ನಮ್ಮ ಸುತ್ತಲಿಂದೇ ತಗೋರಿ. ಭತ್ತದ ಚೀಲ ತೂಗ್ತಾರಲ್ಲ, ಒಂದೊಂದು ಸಾಲಿಗೆ ಒಂದೊಂದು ತೂಕ ಬರ್ದ ಪಟ್ಟಿ ಐತಿ ಅಂತ ಇಟ್ಕೋರಿ, ಒಟ್ಟು ಎಷ್ಟು, ಸರಾಸರಿ ಎಷ್ಟು. ಪೈಥಾನ್‌ನಾಗ ಮೂರು ಸಾಲು. ರಸ್ಟ್‌ನಾಗ ಇದ್ರೊಳಗೇ ಅರ್ಧ ಭಾಷೆ ಕಲಿಯಾಕ ಸಿಗ್ತೈತಿ, ನೋಡ್ರಿ ಹೆಂಗ ಅಂತ.

ಮೊದ್ಲು ಸಾಲು ಓದಿ ನಂಬರ್ ಮಾಡಾಕ ಹೋದ್ರ ಇನ್‌ವ್ಯಾಲಿಡ್ ಡಿಜಿಟ್ ಅಂತ ಬೈತೈತಿ. ಹುಡುಗ್ರು ತಲಿ ಕೆರ್ಕೊಂತಾರ, ಐವತ್ತು ಅಂತ ಸರಿಯಾಗೇ ಹೊಡ್ದೀನಲ್ಲ ಅಂತ. ನೀವು ಎಂಟರ್ ಒತ್ತಿದ್ದೂ ಆ ಸಾಲಿನ ಕೊನಿಗೆ ಸೇರ್ಕೊಂಡು ಬಂದಿರ್ತೈತಿ, ಅಂಚಿನ ಖಾಲಿ ಜಾಗ ಕತ್ತರಿಸೋ ಟ್ರಿಮ್ ಹಾಕಿದ್ರ ಹೋತು. ಆಮ್ಯಾಲ ತೂಕಗಳನ್ನ ತುಂಬಿಟ್ಟ ವೆಕ್ಟರ್ ಅನ್ನೋ ಪಟ್ಟಿ ಮ್ಯಾಲ ಫಾರ್ ಲೂಪ್ ತಿರುಗ್ಸಿ ಒಟ್ಟು ತಗದು, ಸರಾಸರಿಗೆ ಅಂತ ಅದರ ಲೆಂಥ್ ಕೇಳಿದ್ರ, ಎರರ್. ಇ0382. ವ್ಯಾಲ್ಯೂ ಆಗ್ಲೇ ಮೂವ್ ಆಗೇತಿ ಅಂತೈತಿ. ಹೊಲ ಮಾರಿ ಪಹಣಿ ಬ್ಯಾರೆಯವ್ರ ಹೆಸರಿಗಾದ ಮ್ಯಾಲ ಅದೇ ಹೊಲದ ಮ್ಯಾಲ ಬೆಳೆಸಾಲ ಕೊಡ್ರಿ ಅಂತ ಬ್ಯಾಂಕಿಗೆ ಹೋದ್ರ ಕೊಡ್ತಾರೇನ್ರೀ? ಫಾರ್ ಲೂಪ್‌ಗೆ ವೆಕ್ಟರ್‌ನ ಹಂಗೇ ಕೊಟ್ರ ಅದು ಲೂಪ್ ಹೆಸರಿಗೆ ಆಗಿಬಿಡ್ತೈತಿ, ಲೂಪ್ ಮುಗಿದ ಕೂಡ್ಲೇ ಮೆಮೊರಿನೂ ಖಾಲಿ. ಮುಂದ ಒಂದು ಆಂಪರ್‌ಸ್ಯಾಂಡ್ ಹಾಕಿ ಬರೀ ನೋಡಾಕ ಕೊಟ್ಟೀನಿ ಅಂದ್ರ ಸಾಕು, ವೆಕ್ಟರ್ ನಿಮ್ಮ ಹತ್ರಾನೇ ಉಳೀತೈತಿ.

ಮಜಾ ಏನಂದ್ರ ಈ ಉತ್ತರಾನ ಕಂಪೈಲರ್ರೇ ಎರರ್ ಕೆಳಗ ಹೆಲ್ಪ್ ಅಂತ ಬರ್ದಿರ್ತೈತಿ, ಎಲ್ಲಿ ಮೂವ್ ಆತು, ಎಲ್ಲಿ ಮತ್ತ ಬಳಸಿದ್ರಿ, ಎರಡೂ ಕಡೆ ಗೆರಿ ಎಳ್ದು ತೋರಿಸಿರ್ತೈತಿ. ನಮ್ಮ ಹುಡುಗ್ರು ಕೆಂಪು ಬಣ್ಣ ಕಂಡ ಕೂಡ್ಲೇ ಅದನ್ನ ಕಾಪಿ ಹೊಡ್ದು ಎಐ ಚಾಟ್‌ಗೆ ಹಾಕ್ತಾರ, ಅದು ಪೂರ್ತಿ ಪ್ರೋಗ್ರಾಮ್ ತಿದ್ದಿ ಕೊಡ್ತೈತಿ, ಇವ್ರು ಸಬ್ಮಿಟ್ ಮಾಡ್ತಾರ, ಕಲ್ತದ್ದೇನು ಅಂದ್ರ ಏನೂ ಇಲ್ಲ. ನಾ ಎಐ ಬ್ಯಾಡ ಅನ್ನಂಗಿಲ್ಲ, ಆದ್ರ ಮೊದ್ಲು ಆ ಎರರ್‌ನ ಮ್ಯಾಲಿಂದ ಕೆಳಗಿನ ತನಕ ಒಮ್ಮೆ ಓದ್ರಿ, ರಸ್ಟ್‌ಸಿ ಎಕ್ಸ್‌ಪ್ಲೇನ್ ಅಂತ ಹಾಕಿ ಆ ಇ0382 ನಂಬರ್ ಕೊಟ್ರ ಉದಾಹರಣೆ ಸಮೇತ ವಿವರಣೆ ಬರ್ತೈತಿ, ನೆಟ್ ಇಲ್ಲದಿದ್ರೂ ಬರ್ತೈತಿ. ಇನ್ನ ಕ್ಲೋನ್, ಅಂದ್ರ ವ್ಯಾಲ್ಯೂದ ಇನ್ನೊಂದು ನಕಲು ಮಾಡೋದು, ಅದರ ಬಗ್ಗೆ ಒಂದ್ಮಾತು. ಎಲ್ಲಾ ಕಡೆ ಕ್ಲೋನ್ ಹಾಕ್ಬ್ಯಾಡ, ನಿಧಾನ ಆಗ್ತೈತಿ ಅಂತ ದೊಡ್ಡೋರು ಹೆದರಿಸ್ತಾರ, ನನ್ನ ಕೇಳಿದ್ರ ಶುರುವಿನಾಗ ನಾಚಿಕಿ ಬಿಟ್ಟು ಹಾಕ್ರಿ. ಮೊದ್ಲು ಉತ್ತರ ಬರ್ಲಿ, ಆಮ್ಯಾಲ ಒಂದೊಂದೇ ಕ್ಲೋನ್ ಕಿತ್ತು ನೋಡ್ರಿ, ಯಾವ್ದು ಬೇಕಿತ್ತು ಯಾವ್ದು ಬ್ಯಾಡಿತ್ತು ಅಂತ ಆವಾಗ ತಿಳೀತೈತಿ.

ಸಿ ಬರ್ದು ಕೈ ಪಳಗಿದೋರಿಗೆ ಇನ್ನೊಂದು ಕಾಟ ಐತಿ. ಫಂಕ್ಷನ್ ಕೊನೆ ಸಾಲಿಗೆ ಸೆಮಿಕೋಲನ್ ಹಾಕಿದ್ರ ಉತ್ತರ ವಾಪಸ್ ಬರಂಗಿಲ್ಲ. ಅದನ್ನ ತಗೀರಿ ಅಂತ ಕಂಪೈಲರ್ ಹೇಳ್ತೈತಿ, ಮುಂದ ಹೋಗೋಣ.

ಮುಂದಿನ ಲೆಕ್ಕ ನಮ್ಮ ತುಂಗಭದ್ರಾ ಡ್ಯಾಂದು, ನನಗ ಭಾಳ ಸೇರೋ ಲೆಕ್ಕ. ಡ್ಯಾಂನಾಗ ಎಷ್ಟು ಟಿಎಂಸಿ ನೀರೈತಿ ಅಂತ ಓದ್ಕೊಂಡು ಘನ ಅಡಿಗೆ ತಿರುಗ್ಸಿ ಹೇಳ್ಬೇಕು, ಅಷ್ಟೇ. ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ. ರಸ್ಟ್‌ನಾಗ ನೀವು ಏನೂ ಹೇಳ್ಲಿಲ್ಲಾಂದ್ರ ಪೂರ್ಣಾಂಕ ಐ32 ಆಗ್ತೈತಿ, ಅಂದ್ರ 32 ಬಿಟ್‌ನದ್ದು, ಅದ್ರಾಗ ಹಿಡಿಯೋದು 214 ಕೋಟಿ ಚಿಲ್ಲರೆ, ಅಂದ್ರ ಎರಡು ಟಿಎಂಸಿ ಮ್ಯಾಲ ಚೂರು. 105 ಅಂತ ಕೊಟ್ಟು ಓಡಿಸ್ರಿ, ಪ್ರೋಗ್ರಾಮ್ ಗಪ್ಪನೆ ನಿಂತು, ಗುಣಾಕಾರ ಮಾಡುವಾಗ ಓವರ್‌ಫ್ಲೋ ಆತು ಅಂತ ಪ್ಯಾನಿಕ್ ಆಗ್ತೈತಿ. ಅದನ್ನೇ ವೇಗಕ್ಕ ಅಂತ ಇರೋ ರಿಲೀಸ್ ಮೋಡ್‌ನಾಗ ಓಡಿಸಿದ್ರ ಒಂದು ಮಾತಾಡಂಗಿಲ್ಲ, 192 ಕೋಟಿ ಚಿಲ್ಲರೆ ಘನ ಅಡಿ ಅಂತ ತೋರಿಸ್ತೈತಿ. ತುಂಬಿದ ಡ್ಯಾಂ ಎರಡು ಟಿಎಂಸಿಗಿಂತ ಕಡಿಮಿ ಆತು! ಐ64 ಅಂತ ಬದ್ಲಿ ಮಾಡಿದ್ರ ಸರಿ. ಸಿ ಕಲ್ತು ಎರಡು ವರ್ಷ ಆದೋರೂ ಇಂಟ್ ಎಷ್ಟು ಹಿಡೀತೈತಿ ಅಂತ ಕೇಳಿದ್ರ ಮ್ಯಾಲ ನೋಡ್ತಾರ, ಈ ಲೆಕ್ಕ ಒಮ್ಮೆ ಮಾಡಿದೋರು ಮರಿಯಂಗಿಲ್ಲ.

ಅದೇ ಡ್ಯಾಂಗೆ 33 ಕ್ರೆಸ್ಟ್ ಗೇಟ್. ಅವನ್ನ ಒಂದು ಅರೇಯಾಗ ಇಡ್ರಿ, ತೆರೆದಿದ್ರ ಟ್ರೂ ಮುಚ್ಚಿದ್ರ ಫಾಲ್ಸ್, ಬಳಕೆದಾರ ಗೇಟ್ ನಂಬರ್ ಕೊಟ್ರ ಸ್ಥಿತಿ ಹೇಳ್ಬೇಕು. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಟ್ಟಾಗಿ ಕೊಚ್ಚಿ ಹೋತಲ್ಲ 19ನೇ ಗೇಟ್, ಅದು ಅರೇಯಾಗ 18, ಯಾಕಂದ್ರ ಎಣಿಕಿ ಸೊನ್ನೆಯಿಂದ. ಯಾರರೆ 33 ಕೊಟ್ಟು ನೀವು ಒಂದು ಕಳೀಲಿಲ್ಲ ಅಂದ್ರ, ಉದ್ದ 33 ಐತಿ ನೀ ಕೇಳಿದ್ದೂ 33 ಅಂತ ಹೇಳಿ ಪ್ರೋಗ್ರಾಮ್ ನಿಲ್ತೈತಿ. ಸಿ ಆಗಿದ್ರ ಇಲ್ಲದ ಗೇಟಿನ ಜಾಗದಾಗ ಪಕ್ಕದ ಮೆಮೊರಿ ಓದಿ ತೆರೆದೈತಿ ಅಂತ ಹೇಳಿದ್ರೂ ಹೇಳಬಹುದಿತ್ತು. ಇನ್ನ ಸೊನ್ನೆ ಕೊಟ್ರ? ಸೊನ್ನೆಯೊಳಗ ಒಂದು ಕಳದ್ರ ಅರೇಯ ಜಾಗದ ನಂಬರ್‌ಗೆ ಬಳಸೋ ಯೂಸೈಜ್‌ನಾಗ ಮೈನಸ್ ಅನ್ನೋದೇ ಇಲ್ಲ, ಅಲ್ಲೂ ಪ್ಯಾನಿಕ್. ಇಲ್ಲಿ ಒಂದು ಕಳಿಯಾಕ ಚೆಕ್ಡ್ ಸಬ್, ಅರೇ ಓದಾಕ ಗೆಟ್ ಬಳಸಿ, ಉತ್ತರ ಇರಬಹುದು ಇಲ್ಲದಿರಬಹುದು ಅನ್ನೋ ಆಪ್ಷನ್ ತಗೊಂಡು, ಇದ್ರ ಹಿಂಗ ಇಲ್ಲಾಂದ್ರ ಹಂಗ ಅಂತ ಮ್ಯಾಚ್ ಬರದ್ರ, ಆಪ್ಷನ್ ಯಾಕ್ ಬೇಕು ಅನ್ನೋ ಪಾಠ ತಾನೇ ಬಂದಂಗಾತು.

ಡಿಸೆಂಬರ್‌ನಾಗ ಅಡ್ವೆಂಟ್ ಆಫ್ ಕೋಡ್ ಅಂತ ಒಂದು ನಡೀತೈತಿ, 2015ರಿಂದ ಎರಿಕ್ ವಾಸ್ಟಲ್ ಅನ್ನೋರು ಮಾಡ್ಕೊಂತ ಬಂದಾರ, ದಿನಕ್ಕೊಂದು ಒಗಟು, ನಮಗ ಬೆಳಗಿನ ಹತ್ತೂವರಿಗೆ ತೆರೀತೈತಿ, ಬರೋಬ್ಬರಿ ಕಾಲೇಜ್ ಟೈಮ್. ಮೊದ್ಲಿನ ನಾಲ್ಕೈದು ದಿನದ್ದು ಇಂಥವೇ, ಸಾಲು ಓದು, ಎಣಿಸು, ಕೂಡಿಸು. ಅಲ್ಲಿಂದ ಮುಂದ ಬಿಟ್ರೂ ನಡೀತೈತಿ, ಮುಂದಿನವು ರಸ್ಟ್ ಕಲ್ಸಂಗಿಲ್ಲ, ಗ್ರಾಫ್ ಅಲ್ಗಾರಿದಮ್ ಕಲಿಸ್ತಾವ, ಎರಡನ್ನೂ ಒಟ್ಟಿಗೆ ಹೊತ್ರ ಸೊಂಟ ಮುರೀತೈತಿ.

ಲ್ಯಾಪ್‌ಟಾಪ್ ಇಲ್ಲದೋರು ಕೇಳ್ತಾರ. ರಸ್ಟ್ ಪ್ಲೇಗ್ರೌಂಡ್ ಅನ್ನೋ ವೆಬ್‌ಸೈಟ್ ಮೊಬೈಲ್ ಬ್ರೌಸರ್‌ನಾಗೇ ತೆರೀತೈತಿ, ಸಣ್ಣ ಲೆಕ್ಕಕ್ಕ ಸಾಕು. ಅಲ್ಲಿ ಕೀಬೋರ್ಡ್‌ನಿಂದ ಇನ್‌ಪುಟ್ ಕೊಡಾಕ ಬರಂಗಿಲ್ಲ, ಹಿಂಗಾಗಿ ಚೀಲದ ಪಟ್ಟಿ ಕೋಡ್ ಒಳಗೇ ಬರ್ಕೋರಿ. ವಿಂಡೋಸ್‌ನಾಗ ಇನ್‌ಸ್ಟಾಲ್ ಮಾಡೋರು ಗಮನದಾಗ ಇಡ್ರಿ, ವಿಷುವಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಸೇರಿ ಹಲವು ಜಿಬಿ ಇಳೀತೈತಿ, ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲ ಕುಂತ್ರ ಆವತ್ತಿನ ಡೇಟಾ ಮುಗೀತು. ಹಳೇ ಮಷೀನ್ ಇದ್ದೋರು ಕಾರ್ಗೋ ಚೆಕ್ ಅನ್ನೋ ಕಮಾಂಡ್ ರೂಢಿ ಮಾಡ್ಕೋರಿ, ತಪ್ಪಷ್ಟೇ ಹೇಳ್ತೈತಿ, ಪೂರ್ತಿ ಬಿಲ್ಡ್ ಮಾಡಂಗಿಲ್ಲ, ಬ್ಯಾಗ ಮುಗೀತೈತಿ.

ಕಡೀಗೆ ಒಂದು ಲೆಕ್ಕ ಕೊಟ್ಟು ಹೋಗ್ತೀನಿ, ಸ್ಟ್ರಿಂಗ್, ಅಂದ್ರ ಅಕ್ಷರಗಳ ಸಾಲು, ಅದನ್ನ ಉಲ್ಟಾ ಮಾಡೋದು. ಎಲ್ಲಾರೂ ಹಲೋ ಅಂತ ಇಂಗ್ಲಿಷ್‌ನಾಗ ಬರ್ದು ತಿರುಗ್ಸಿ ಬಿಡ್ತಾರ, ನೀವು ಕನ್ನಡದಾಗ ಬಳ್ಳಾರಿ ಅಂತ ಕೊಡ್ರಿ. ಎಷ್ಟು ಬೈಟ್ ಅಂತ ಹೇಳೋ ಲೆನ್ ಕೇಳಿದ್ರ 21 ಅಂತೈತಿ. ಕ್ಯಾರ್ಸ್, ಅಂದ್ರ ಒಂದೊಂದು ಯುನಿಕೋಡ್ ಚಿಹ್ನೆ, ಎಣಿಸಿದ್ರ 7. ನಮ್ಮ ಕಣ್ಣಿಗೆ ಕಾಣೋ ಅಕ್ಷರ ಮೂರು. ಅಕ್ಷರನ ಬೈಟ್ ಮಾಡಿ ಇಡೋ ಯುಟಿಎಫ್-8ರಾಗ ಕನ್ನಡದ ಒಂದೊಂದು ಕ್ಯಾರ್‌ಗೆ ಮೂರು ಬೈಟ್, ಏಳ್ಮೂರ್ಲೆ ಇಪ್ಪತ್ತೊಂದು, ಅದು ಸರಿ, ಒತ್ತಿನ ಚಿಹ್ನೆ, ದೀರ್ಘ, ಗುಡಿಸು ಇವೆಲ್ಲ ಬ್ಯಾರೆ ಬ್ಯಾರೆ ಕ್ಯಾರ್ ಅಂತ ಲೆಕ್ಕ ಆಗಿರ್ತಾವ, ಅದಕ್ಕೇ ಏಳು. ಸ್ಟ್ರಿಂಗ್‌ನಾಗ ಮೊದ್ಲನೇದು ಕೊಡು ಅಂತ ಬ್ರಾಕೆಟ್ ಹಾಕಿ ಸೊನ್ನೆ ಬರದ್ರ ರಸ್ಟ್ ಒಪ್ಪಂಗೇ ಇಲ್ಲ, ಹುಡುಗ್ರು ಇದೇನಪ್ಪ ಹಠ ಅಂತಾರ, ಆದ್ರ ಮೊದ್ಲನೇದು ಅಂದ್ರ ಬೈಟೋ ಕ್ಯಾರೋ ಅಕ್ಷರವೋ ಅಂತ ಅದು ಕೇಳಾಕತ್ತೈತಿ, ಕನ್ನಡ ಬರೆಯೋ ನಮಗ ಆ ಪ್ರಶ್ನೆ ಇಂಗ್ಲಿಷ್‌ನವ್ರಿಗಿಂತ ಬ್ಯಾಗ ತಿಳೀಬೇಕು. ಕ್ಯಾರ್ಸ್ ಹಿಡ್ದು ಉಲ್ಟಾ ಮಾಡಿದ್ರ ಗುಡಿಸು ಎಲ್ಲಾಕ್ಕಿಂತ ಮುಂದ ಬಂದು ಕುಂದ್ರತೈತಿ, ಸ್ಕ್ರೀನ್ ಮ್ಯಾಲ ಚುಕ್ಕಿ ವೃತ್ತ ಕಾಣ್ಬಹುದು. ಸರಿ ಮಾಡಾಕ ಒಂದು ದಾರಿ ಐತಿ, ಕ್ಯಾರ್‌ಗಳನ್ನ ಒಂದೊಂದೇ ನೋಡ್ಕೊಂತ ಹೋಗಿ, ಚಿಹ್ನೆ ಬಂದ್ರ ಹಿಂದಿನ ಗುಂಪಿಗೇ ಸೇರ್ಸೋದು, ಒತ್ತಿನ ಚಿಹ್ನೆ ಆದ ಮ್ಯಾಲ ಬಂದ ವ್ಯಂಜನಾನೂ ಅದೇ ಗುಂಪಿಗೆ ಸೇರ್ಸೋದು, ಆಮ್ಯಾಲ ಗುಂಪುಗಳನ್ನ ಉಲ್ಟಾ ಜೋಡ್ಸೋದು. ವೆಕ್ಟರ್, ಸ್ಟ್ರಿಂಗ್, ಮ್ಯಾಚ್ ಮೂರು ಬಂದ್ರ ಆತು, ಲೈಬ್ರರಿ ಬ್ಯಾಡ. ಬಳ್ಳಾರಿ ಆದ ಮ್ಯಾಲ ಕೊಪ್ಪಳ ಕೊಟ್ಟು ನೋಡ್ರಿ, ಲೆನ್ 18 ಬರ್ಬೇಕು. ಅಲ್ಲಿ ಪ ಒತ್ತು ಒಡದ್ರ ನಿಮ್ಮ ಗುಂಪು ಮಾಡೋ ಫಂಕ್ಷನ್‌ನಾಗ ಏನೋ ಬಿಟ್ಟೈತಿ ಅಂತ ಲೆಕ್ಕ. ನಮಸ್ಕಾರ.