ಕಂಪನಿ ಬಿಟ್ಟ ನೆಲ, ಅಭಿಮಾನಿಗಳು ಕಟ್ಟಿದ ಊರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಹಳೆಯ ಗೇಮ್ ಬಗ್ಗೆ ಮಾತಾಡಬೇಕು. ಅದಕ್ಕಿಂತ ಜಾಸ್ತಿ, ಆ ಗೇಮನ್ನು ಇವತ್ತಿಗೂ ಕಟ್ಟುತ್ತಲೇ ಇರುವ ಜನರ ಬಗ್ಗೆ ಮಾತಾಡಬೇಕು.

ಗೇಮ್ ಹೆಸರು ಮೊರೊವಿಂಡ್. ಬೆಥೆಸ್ಡಾ ಕಂಪನಿಯ ಎಲ್ಡರ್ ಸ್ಕ್ರೋಲ್ಸ್ ಸರಣಿಯಲ್ಲಿ ಮೂರನೆಯದು, 2002ರಲ್ಲಿ ಬಂತು. ಮೊರೊವಿಂಡ್ ಅನ್ನೋದು ಆ ಜಗತ್ತಿನ ಒಂದು ಇಡೀ ಪ್ರಾಂತ್ಯದ ಹೆಸರು. ಆದರೆ ಗೇಮ್‌ನಲ್ಲಿ ನಮಗೆ ಸಿಗೋದು ಅದರ ನಡುವಿನ ವಾರ್ಡನ್‌ಫೆಲ್ ಅನ್ನುವ ದ್ವೀಪ ಮಾತ್ರ. ಮೊದಲು ಇಡೀ ಪ್ರಾಂತ್ಯವನ್ನೇ ಮಾಡುವ ಯೋಚನೆ ಕಂಪನಿಗಿತ್ತು, ಅದು ತುಂಬಾ ದೊಡ್ಡ ಕೆಲಸವಾಯಿತು, ದ್ವೀಪಕ್ಕೆ ನಿಲ್ಲಿಸಿದರು. ದ್ವೀಪದ ಅಂಚಿನಿಂದ ಈಜುತ್ತಾ ಹೋದರೆ ನೀರು, ಇನ್ನೂ ನೀರು, ಅಷ್ಟೇ. ಆದರೆ ಗೇಮ್ ಒಳಗಿನ ಪುಸ್ತಕಗಳಲ್ಲಿ, ಜನರ ಮಾತಿನಲ್ಲಿ ಆಚೆ ದಡದ ಊರುಗಳ ಹೆಸರು ಬರುತ್ತಲೇ ಇರುತ್ತದೆ. ನಾರ್ಸಿಸ್, ನೆಕ್ರೋಮ್, ಆಲ್ಮಲೆಕ್ಸಿಯಾ. ಹೆಸರು ಇದೆ, ಊರು ಇಲ್ಲ.

ಆ ಊರುಗಳನ್ನು ಕಟ್ಟಲು ಹೊರಟವರು ಟಾಮ್ರಿಯೆಲ್ ರೀಬಿಲ್ಟ್ ತಂಡದವರು. ಈ ತಂಡ ಶುರುವಾಗಿದ್ದು 2001ರಲ್ಲಿ, ಅಂದರೆ ಗೇಮ್ ಬಿಡುಗಡೆಗೂ ಮುಂಚೆ! ಗೇಮ್ ಜೊತೆಗೆ ಕನ್‌ಸ್ಟ್ರಕ್ಷನ್ ಸೆಟ್ ಅನ್ನುವ ಸಾಫ್ಟ್‌ವೇರ್ ಕೂಡ ಕಂಪನಿ ಕೊಟ್ಟಿತ್ತು. ಅದರಲ್ಲಿ ಬೆಟ್ಟ, ಮನೆ, ಮನುಷ್ಯರು, ಸಂಭಾಷಣೆ ಎಲ್ಲವನ್ನೂ ನಾವೇ ಮಾಡಬಹುದು. ಮೊದಲು ಇಡೀ ಟಾಮ್ರಿಯೆಲ್ ಖಂಡವನ್ನೇ ಮಾಡುತ್ತೇವೆ ಅಂದುಕೊಂಡಿದ್ದರು. ಆಮೇಲೆ ಮೊರೊವಿಂಡ್ ಪ್ರಾಂತ್ಯ ಒಂದಕ್ಕೇ ನಿಂತರು. ಇಷ್ಟು ವರ್ಷವಾದರೂ ಕೆಲಸ ನಡೆಯುತ್ತಲೇ ಇದೆ. 2025ರಲ್ಲಿ ಗ್ರಾಸ್ಪಿಂಗ್ ಫಾರ್ಚೂನ್ ಅನ್ನುವ ದೊಡ್ಡ ಭಾಗ ಬಂತು, ಅದರಲ್ಲಿ ನಾರ್ಸಿಸ್ ನಗರ ಇದೆ. ಈಗ ಅವರು ಕಟ್ಟಿ ಮುಗಿಸಿರುವ ನೆಲ ಮೂಲ ದ್ವೀಪಕ್ಕಿಂತ ದೊಡ್ಡದು. ಎಲ್ಲಾ ಪುಕ್ಕಟೆ. ಯಾರಿಗೂ ಸಂಬಳ ಇಲ್ಲ.

ಈ ತಂಡದ ಬಗ್ಗೆ ಮಾತಾಡುವಾಗ ಸಾಮಾನ್ಯವಾಗಿ ಎಲ್ಲರೂ ಹೇಳೋದು ಅವರ ತಾಳ್ಮೆಯನ್ನು. ಅದು ಸರಿಯೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು. ಮೊದಲೇ ಇರುವ ಲೋರ್‌ಗೆ, ಅಂದರೆ ಆ ಜಗತ್ತಿನ ಇತಿಹಾಸ, ಧರ್ಮ, ಕಥೆಗಳಿಗೆ ತಲೆಬಾಗಿದರೆ ಹೊಸದಕ್ಕೆ ಜಾಗ ಎಲ್ಲಿದೆ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಪ್ರಕಾರ ಇವರ ಅತ್ಯುತ್ತಮ ಕೆಲಸವೆಲ್ಲಾ ಹುಟ್ಟಿದ್ದೇ ಆ ಲೋರ್‌ನ ಒತ್ತಡದಿಂದ.

ಹೇಗೆ ಅಂತ ಹೇಳುತ್ತೇನೆ. ಮೂಲ ಗೇಮ್‌ನಲ್ಲಿ ಒಂದು ಸಣ್ಣ ಮಾಹಿತಿ ಇದೆ. ವಾರ್ಡನ್‌ಫೆಲ್ ದ್ವೀಪ ಬಹಳ ಕಾಲ ದೇಗುಲದ, ಅಂದರೆ ಆ ನಾಡಿನ ಧರ್ಮಸಂಸ್ಥೆಯ ಹಿಡಿತದಲ್ಲಿತ್ತು, ಕೆಲವೇ ಊರುಗಳಿದ್ದವು. ಮೂರನೇ ಯುಗದ 414ರಲ್ಲಿ ಹೊರಗಿನವರು ಬಂದು ನೆಲೆಸಲು ಅದನ್ನು ತೆರೆದರು. ಗೇಮ್ ನಡೆಯೋದು 427ರಲ್ಲಿ. ಹದಿಮೂರೇ ವರ್ಷ! ಅಂದರೆ ನಾವು ಆ ದ್ವೀಪದಲ್ಲಿ ನೋಡುವ ಎಷ್ಟೋ ಊರುಗಳು ನಿನ್ನೆ ಮೊನ್ನೆ ಎದ್ದವು. ಹಾಗಾದರೆ ಆಚೆ ದಡ ಹೇಗಿರಬೇಕು? ಸಾವಿರಾರು ವರ್ಷದಿಂದ ಜನ ಬದುಕಿದ ನೆಲ ಅದು. ಊರುಗಳು ದೊಡ್ಡವಿರಬೇಕು. ಹೊಲಗಳು ಹಳೆಯವಿರಬೇಕು. ಒಂದು ಮನೆತನಕ್ಕೂ ಇನ್ನೊಂದಕ್ಕೂ ಜಗಳ ಇದ್ದರೆ ಅದು ಅಜ್ಜನ ಅಜ್ಜನ ಕಾಲದ್ದಾಗಿರಬೇಕು.

ಈಗ ನಾರ್ಸಿಸ್‌ಗೆ ಬನ್ನಿ. ಹ್ಲಾಲು ಅನ್ನೋದು ಆ ಪ್ರಾಂತ್ಯದ ವ್ಯಾಪಾರಿ ಮನೆತನ. ಇಡೀ ಟಾಮ್ರಿಯೆಲ್ ಆಳುವ ಸಾಮ್ರಾಜ್ಯದ ಜೊತೆ ಹೊಂದಿಕೊಂಡು ದುಡ್ಡು ಮಾಡುವ ಜನ. ದ್ವೀಪದಲ್ಲಿ ಅವರ ಕೇಂದ್ರ ಬಾಲ್ಮೋರಾ. ಗೇಮ್ ಆಡಿದವರಿಗೆಲ್ಲಾ ಬಾಲ್ಮೋರಾ ತವರೂರಿನ ಹಾಗೆ. ನಡುವೆ ನದಿ, ಎರಡೂ ಕಡೆ ಚಪ್ಪಟೆ ಮಾಳಿಗೆಯ ಮನೆಗಳು. ನಾರ್ಸಿಸ್ ಮಾಡುವಾಗ ಬಾಲ್ಮೋರಾವನ್ನೇ ಹಿಗ್ಗಿಸಿ ಇಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಲೋರ್ ಪ್ರಕಾರ ಬಾಲ್ಮೋರಾ ಹ್ಲಾಲುಗಳ ಒಂದು ಶಾಖೆ, ನಾರ್ಸಿಸ್ ಅವರ ರಾಜಧಾನಿ. ದುಡ್ಡು ಹುಟ್ಟುವ ಜಾಗ. ಅಲ್ಲಿ ಶ್ರೀಮಂತಿಕೆ ಹೇಗೆ ಕಾಣುತ್ತದೆ, ಬಡತನ ಹೇಗೆ ಕಾಣುತ್ತದೆ, ಸಾಲ ಕೊಡುವವರು ಯಾರು, ಅದರಲ್ಲಿ ಮುಳುಗಿದವರು ಯಾರು ಅನ್ನುವ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಮೂಲದಲ್ಲಿ ಇಲ್ಲದ ನಗರ ಮೂಲದ ತರ್ಕದಿಂದಲೇ ಬೆಳೆಯೋದು ಹೀಗೆ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 2002ರಲ್ಲೇ ಬೆಥೆಸ್ಡಾ ಟ್ರಿಬ್ಯೂನಲ್ ಅನ್ನುವ ಹೆಚ್ಚುವರಿ ಭಾಗ ಬಿಟ್ಟಿತು. ಅದರಲ್ಲಿ ಮೋರ್ನ್‌ಹೋಲ್ಡ್ ಅನ್ನುವ ರಾಜಧಾನಿ ಇದೆ. ಸುತ್ತಲೂ ಎತ್ತರದ ಗೋಡೆ, ಹೊರಗೆ ಹೋಗಲು ದಾರಿ ಇಲ್ಲ, ಹಾರುವ ಮಂತ್ರವೂ ಅಲ್ಲಿ ನಡೆಯಲ್ಲ. ಯಾಕಂದರೆ ಗೋಡೆಯ ಆಚೆ ಏನನ್ನೂ ಮಾಡಿರಲಿಲ್ಲ. ಇದು ಕಂಪನಿಯ ಅಡಚಣೆ. ಅಭಿಮಾನಿಗಳು ಇದನ್ನು ಕಿತ್ತುಹಾಕಿ ಬೇರೆ ರಾಜಧಾನಿ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಮೋರ್ನ್‌ಹೋಲ್ಡ್ ಆಲ್ಮಲೆಕ್ಸಿಯಾ ಅನ್ನುವ ಇನ್ನೂ ದೊಡ್ಡ ನಗರದ ಒಳಗಿದೆ ಅನ್ನುವ ಮಾತು ಲೋರ್‌ನಲ್ಲೇ ಇತ್ತು. ಅದನ್ನು ಹಿಡಿದುಕೊಂಡು, ಗೋಡೆಯನ್ನು ಹಾಗೇ ಬಿಟ್ಟು, ಅದರ ಸುತ್ತ ನಗರ ಕಟ್ಟುವ ದಾರಿ ಹಿಡಿದರು. ಕಂಪನಿಗೆ ತೊಡಕಾಗಿದ್ದ ಗೋಡೆ ಇವರ ಕೈಯಲ್ಲಿ ಅರಮನೆ, ದೇಗುಲ ಇರುವ ಒಳಕೋಟೆಯಾಯಿತು.

ನಮ್ಮ ಕರಾವಳಿ, ಮಲೆನಾಡಿನವರಿಗೆ ಇದು ಹೊಸ ವಿಷಯವಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಅಲ್ಲೇ ಕೂತು ಮಾತು ಹುಟ್ಟಿಸುತ್ತಾನೆ. ಕೃಷ್ಣ ಸಂಧಾನದಲ್ಲಿ ಕೌರವ ಎಷ್ಟೇ ಚೆನ್ನಾಗಿ ವಾದ ಮಾಡಲಿ, ಸಂಧಾನ ಮುರಿಯಲೇಬೇಕು. ಪದ್ಯ ದಾಟಿ ಹೋಗುವ ಹಾಗಿಲ್ಲ. ಆದರೂ ಜನ ರಾತ್ರಿಯಿಡೀ ಕೂತು ಕೇಳುತ್ತಾರೆ, ಯಾಕಂದರೆ ಈ ಕೌರವ ಇವತ್ತು ಏನು ಹೇಳುತ್ತಾನೆ ಅನ್ನುವ ಕುತೂಹಲ. ಕಥೆ ಗೊತ್ತಿದ್ದರೂ ಮಾತು ಹೊಸದು.

ಲೋರ್ ಅಂದರೆ ಕಾನೂನು ಪುಸ್ತಕ ಅಂತ ತಿಳಿಯಬೇಡಿ. ಮೊರೊವಿಂಡ್ ಮಟ್ಟಿಗಂತೂ ಅಲ್ಲವೇ ಅಲ್ಲ. ಆ ಗೇಮ್‌ನ ನಡುವಿನ ಪ್ರಶ್ನೆ ಏನು? ನೆರೆವಾರ್ ಅನ್ನುವ ವೀರ ಹೇಗೆ ಸತ್ತ? ದೇಗುಲದವರು ಒಂದು ಕಥೆ ಹೇಳುತ್ತಾರೆ. ಅಲೆಮಾರಿ ಆಶ್‌ಲ್ಯಾಂಡರ್ ಜನ ಇನ್ನೊಂದು ಹೇಳುತ್ತಾರೆ. ದೇವರಾಗಿ ಕೂತಿರುವ ವಿವೆಕ್ ಹೇಳೋದು ಬೇರೆ. ಯಾವುದು ನಿಜ ಅಂತ ಗೇಮ್ ಕೊನೆಗೂ ಬೆರಳಿಟ್ಟು ತೋರಿಸಲ್ಲ. ಹಾಗಿರುವಾಗ ಅಭಿಮಾನಿಯೊಬ್ಬ ಬಂದು ನಾನು ಪತ್ತೆ ಹಚ್ಚಿದೆ, ಉತ್ತರ ಇದು ಅಂತ ಒಂದು ಕ್ವೆಸ್ಟ್, ಅಂದರೆ ಆಟಗಾರ ಮಾಡಿ ಮುಗಿಸುವ ಒಂದು ಕಥೆ ಬರೆದರೆ, ಅವನು ಯಾವ ಸಾಲಿಗೂ ವಿರುದ್ಧವಾಗಿ ಬರೆಯದಿದ್ದರೂ ಆ ಜಗತ್ತನ್ನು ಕೆಡಿಸಿದ ಹಾಗೆ. ಅಲ್ಲಿ ಅನುಮಾನವೇ ಲೋರ್. ಅದನ್ನು ಅನುಮಾನವಾಗಿಯೇ ಮುಂದಿನವರಿಗೆ ಕೊಡಬೇಕು. ಖಾಲಿ ಜಾಗ ಕಂಡಲ್ಲೆಲ್ಲಾ ತುಂಬುವ ಚಪಲ ಅಭಿಮಾನಿಗಳಲ್ಲಿ ಜಾಸ್ತಿ. ಅದನ್ನು ತಡೆದುಕೊಳ್ಳೋದು ಕಷ್ಟದ ಕೆಲಸ, ಒಬ್ಬರ ಕೈಯಲ್ಲಿ ಆಗೋದೂ ಅಲ್ಲ.

ಅದಕ್ಕೇ ಗುಂಪು ಬೇಕು. ಈ ತಂಡದಲ್ಲಿ ಹೊಸಬರು ಬಂದ ತಕ್ಷಣ ನಗರ ಕಟ್ಟಲು ಬಿಡಲ್ಲ. ಮೊದಲು ಒಂದು ಕೋಣೆಯನ್ನೋ ಮನೆಯನ್ನೋ ಮಾದರಿಗೆ ಮಾಡಿ ತೋರಿಸಬೇಕು. ಅದು ಸರಿ ಅನ್ನಿಸಿದ ಮೇಲೆ ಒಂದು ಕೆಲಸವನ್ನು ತನ್ನ ಹೆಸರಿಗೆ ತೆಗೆದುಕೊಳ್ಳಬಹುದು. ಇದನ್ನು ಅವರು ಕ್ಲೇಮ್ ಅನ್ನುತ್ತಾರೆ. ಮಾಡಿ ಮುಗಿಸಿದ ಮೇಲೆ ಬೇರೆಯವರು ರಿವ್ಯೂ ಮಾಡುತ್ತಾರೆ, ಆಮೇಲೆ ಅದು ದೊಡ್ಡ ಫೈಲ್‌ಗೆ ಸೇರುತ್ತದೆ.

ಒಂದು ಮನೆ ಅಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಡೋರಿಲ್ ಅನ್ನೋದು ದೇಗುಲಕ್ಕೆ ನಿಷ್ಠವಾದ, ಹಳೆಯ ಸಂಪ್ರದಾಯದ ಮನೆತನ. ಅವರ ಸೀಮೆಯಲ್ಲಿ ಒಬ್ಬ ಬಡ ರೈತನ ಮನೆ ಮಾಡಬೇಕು ಅಂತಿಟ್ಟುಕೊಳ್ಳಿ. ಮೂಲೆಯಲ್ಲಿ ಸಾಲ್ಟ್‌ರೈಸ್ ಮೂಟೆ ಇರಬಹುದು, ಅದು ಆ ನಾಡಿನ ದಿನದ ಊಟ. ಕ್ವಾಮಾ ಹುಳುವಿನ ಮೊಟ್ಟೆ ಇರಬಹುದು. ಮಣ್ಣಿನ ಬಟ್ಟಲು, ಕಾಗದದ ದೀಪ, ಒಂದು ಹೂಜಿ ಮಾಜ್ಟೆ, ಅಂದರೆ ಸ್ಥಳೀಯ ಬಿಯರ್. ಅಲ್ಲಿ ಸಾಮ್ರಾಜ್ಯದ ಕಡೆಯ ಬೆಳ್ಳಿ ತಟ್ಟೆ ಇಟ್ಟರೆ ಮಾತ್ರ ಎಲ್ಲಾ ಕೆಡುತ್ತದೆ. ಅದು ಯಾಕೆ ಬಂತು? ಕದ್ದನಾ? ಮಗ ಸಾಮ್ರಾಜ್ಯದ ಸೈನ್ಯಕ್ಕೆ ಸೇರಿದನಾ? ಇದಕ್ಕೆ ಉತ್ತರ ಇದ್ದರೆ ಅದೇ ಒಂದು ಕಥೆ. ಉತ್ತರ ಇಲ್ಲದಿದ್ದರೆ ತಟ್ಟೆ ತೆಗೆಯಬೇಕು. ಆಟಗಾರ ಆ ಮನೆಗೆ ಒಮ್ಮೆಯೂ ಹೋಗದೆ ಇರಬಹುದು. ಆದರೂ ಮಾಡಬೇಕು. ಆ ಜಗತ್ತು ನಿಜ ಅನ್ನಿಸೋದು ಇಂಥ ತಟ್ಟೆಗಳಿಂದಲೇ.

ಮೊರೊವಿಂಡ್‌ನಲ್ಲಿ ಇದೆಲ್ಲಾ ಸಾಧ್ಯವಾಗಲು ಒಂದು ತಾಂತ್ರಿಕ ಕಾರಣವೂ ಇದೆ. ಅಲ್ಲಿ ಸಂಭಾಷಣೆ ಬಹುತೇಕ ಅಕ್ಷರದಲ್ಲೇ ಬರುತ್ತದೆ. 2006ರ ಒಬ್ಲಿವಿಯನ್, 2011ರ ಸ್ಕೈರಿಮ್ ಹಾಗಲ್ಲ, ಪ್ರತಿ ಮಾತಿಗೂ ಧ್ವನಿ ಬೇಕು. ಬರೆಯಲು ಬರುವ ಯಾರು ಬೇಕಾದರೂ ಒಂದು ಊರಿಗೆ ಜೀವ ಕೊಡಬಹುದು ಅನ್ನೋದು ಹಳೆಯ ಗೇಮ್‌ನ ಭಾಗ್ಯ.

ಸರಿ, ಕಂಪನಿಯೇ ಆಮೇಲೆ ಬೇರೆ ಹೇಳಿದರೆ? ಇದು ನಿಜವಾದ ತಲೆನೋವು. 2014ರಲ್ಲಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಬಂತು. ಅದರಲ್ಲಿ ಕಂಪನಿ ತನ್ನದೇ ಮೋರ್ನ್‌ಹೋಲ್ಡ್ ತೋರಿಸಿತು. 2023ರಲ್ಲಿ ನೆಕ್ರೋಮ್ ಕೂಡ ಬಂತು. ಆದರೆ ಟಾಮ್ರಿಯೆಲ್ ರೀಬಿಲ್ಟ್‌ನವರ ನೆಕ್ರೋಮ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಎದ್ದು ನಿಂತಿತ್ತು. ಈಗ ಕೆಲವರು ಹೇಳೋದು, ಅಸಲಿ ಬಂತಲ್ಲ, ಅಭಿಮಾನಿಗಳದ್ದನ್ನು ಕೆಡವಿ ಅಂತ. ನಾನು ಇದನ್ನು ಖಡಾಖಂಡಿತವಾಗಿ ಒಪ್ಪಲ್ಲ. ಆನ್‌ಲೈನ್ ಗೇಮ್ ನಡೆಯೋದು ಮೊರೊವಿಂಡ್‌ಗಿಂತ ಏಳುನೂರಕ್ಕೂ ಹೆಚ್ಚು ವರ್ಷ ಹಿಂದೆ. ಏಳುನೂರು ವರ್ಷದಲ್ಲಿ ಒಂದು ಊರು ಏನೆಲ್ಲಾ ಆಗಬಹುದು! ಹಂಪಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವರು ಮಾತು ಕೊಟ್ಟಿದ್ದು 2002ರ ಆ ವಿಚಿತ್ರ, ಗಂಭೀರ, ಧೂಳು ತುಂಬಿದ ಜಗತ್ತಿಗೆ. ಇಪ್ಪತ್ತು ವರ್ಷದ ಮೇಲೆ ಬೇರೆ ಬರಹಗಾರರು, ಬೇರೆ ಕಾರಣಕ್ಕೆ ಮಾಡಿದ್ದನ್ನೆಲ್ಲಾ ತಲೆ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಒಳ್ಳೆಯದಿದ್ದರೆ ತೆಗೆದುಕೊಳ್ಳಲಿ, ಹೊಂದದಿದ್ದರೆ ಬಿಡಲಿ. ಲೋರ್‌ಗೆ ಗೌರವ ಕೊಡೋದು ಬೇರೆ, ಕಂಪನಿಯ ಹಿಂದೆ ಓಡೋದು ಬೇರೆ.

ನಾನು ಈಗ ಕಾಯುತ್ತಿರೋದು ದಕ್ಷಿಣದ ಡ್ರೆಸ್ ಸೀಮೆಗೆ. ಡ್ರೆಸ್ ಅನ್ನೋದು ಜೀತದಾಳುಗಳ ಬೆನ್ನ ಮೇಲೆ ನಿಂತ ಮನೆತನ. ಮೊರೊವಿಂಡ್‌ನಲ್ಲಿ ಗುಲಾಮಗಿರಿ ಕಾನೂನುಬದ್ಧ. ಸಾಮ್ರಾಜ್ಯದ ಜೊತೆ ಸಂಧಿ ಮಾಡಿಕೊಂಡಾಗ ಆ ಹಕ್ಕನ್ನು ಉಳಿಸಿಕೊಂಡರು. ಪಕ್ಕದ ಜೌಗು ನಾಡಿನಿಂದ ಹಲ್ಲಿ ಮೈಯ ಆರ್ಗೋನಿಯನ್ ಜನರನ್ನು ಹಿಡಿದು ತಂದು ಹೊಲಗಳಲ್ಲಿ ದುಡಿಸುತ್ತಾರೆ. ಮೂಲ ಗೇಮ್‌ನಲ್ಲಿ ಇವರನ್ನು ಬಿಡಿಸುವ ಟ್ವಿನ್ ಲ್ಯಾಂಪ್ಸ್ ಅನ್ನುವ ಗುಪ್ತ ಗುಂಪೂ ಇದೆ. ಡ್ರೆಸ್ ಸೀಮೆ ಮಾಡುವಾಗ ಇದನ್ನೆಲ್ಲಾ ತೆಳುವಾಗಿ ತೋರಿಸಿ, ಮೂಲೆಯಲ್ಲಿ ಎರಡು ಪಂಜರ ಇಟ್ಟು ಮುಂದೆ ಹೋಗೋದು ಸುಲಭ. ಹಾಗೆ ಮಾಡಬಾರದು. ಹೊಲದ ಮಾಲೀಕ ಊಟಕ್ಕೆ ಕೂತಾಗ ಬಡಿಸುವವಳ ಕೈಯಲ್ಲಿ ಮಂತ್ರ ತಡೆಯುವ ಆ ಗುಲಾಮರ ಕಡಗ ಕಾಣಬೇಕು. ಅವನು ಅತಿಥಿಯ ಹತ್ತಿರ ಬಹಳ ಸಭ್ಯವಾಗಿ, ದೇವರ ಹೆಸರು ಹೇಳಿಕೊಂಡು ಮಾತಾಡಬೇಕು. ಅವಳಿಗೂ ಒಂದು ಹೆಸರಿರಬೇಕು, ಅವಳ ಹತ್ತಿರ ಆಟಗಾರ ನಿಂತು ಕೇಳಿದರೆ ಹೇಳಲು ನಾಲ್ಕು ಮಾತಿರಬೇಕು. ಆ ನಾಲ್ಕು ಮಾತನ್ನು ಬರೆಯುವ ಕೆಲಸ ಯಾರದೋ ಹೆಸರಿಗೆ ಬರುತ್ತದೆ. ಈ ವಿಡಿಯೋ ನೋಡುತ್ತಿರುವವರಲ್ಲಿ ಬರೆಯುವವರಿದ್ದರೆ, ತಂಡ ತೆರೆದೇ ಇದೆ, ಮೊದಲು ಆ ಗೇಮ್‌ನ ಪುಸ್ತಕಗಳನ್ನು ಓದಿಕೊಂಡು ಹೋಗಿ.