ಕುಂಡದಲ್ಲಿ ಜರಿಗಿಡ

ಕೇಳುಗರಿಗೆ ನಮಸ್ಕಾರ.

ನರ್ಸರಿಯಿಂದ ಜರಿಗಿಡ ತಂದವರ ಬಾಯಲ್ಲಿ ಬರುವ ದೂರು ಹೆಚ್ಚುಕಡಿಮೆ ಒಂದೇ. "ದಿನಾ ನೀರು ಹಾಕ್ತೀನಿ, ಆದ್ರೂ ಎಲೆ ತುದಿ ಒಣಗುತ್ತಲ್ಲ?" ಇದಕ್ಕೆ ಉತ್ತರ ಬೇಕಿದ್ದರೆ ಮಲೆನಾಡಿನ ಯಾವುದಾದರೂ ಹಳೆಯ ಬಾವಿಯೊಳಗೆ ಬಗ್ಗಿ ನೋಡಬೇಕು. ಜಂಬಿಟ್ಟಿಗೆ ಕಲ್ಲಿನ ಸಂದುಗಳಲ್ಲಿ ಕಪ್ಪು ಕಡ್ಡಿಯ, ತೆಳು ಎಲೆಯ ಜರಿಗಿಡ ಜೋತುಬಿದ್ದಿರುತ್ತದೆ. ಅದರ ಬುಡದಲ್ಲಿ ಒಂದು ಹಿಡಿ ಮಣ್ಣೂ ಇರುವುದಿಲ್ಲ, ಅದಕ್ಕೆ ಯಾರೂ ನೀರು ಹೊಯ್ಯುವುದಿಲ್ಲ. ಆದರೆ ಕಲ್ಲು ಸದಾ ಒದ್ದೆ. ಕೆಳಗೆ ನೀರಿರುವುದರಿಂದ ಗಾಳಿಯಲ್ಲೂ ಪಸೆ. ಮೇಲಿನಿಂದ ಬೆಳಕು ಬರುತ್ತದೆ, ಬಿಸಿಲು ತಾಕುವುದಿಲ್ಲ. ಬೇರಿನ ಬಳಿ ನೀರು ಒಂದು ಕ್ಷಣವೂ ನಿಲ್ಲದೆ ಇಳಿದುಹೋಗುತ್ತದೆ. ನಮ್ಮ ಮನೆಯ ಕುಂಡದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಬೇರು ಕೆಸರಿನಲ್ಲಿ ಮುಳುಗಿರುತ್ತದೆ, ಎಲೆ ಫ್ಯಾನಿನ ಒಣಗಾಳಿಗೆ ಸಿಕ್ಕಿರುತ್ತದೆ.

ಆದ್ದರಿಂದ ಮೊದಲು ಮಣ್ಣಿನ ವಿಚಾರ. ತೋಟದ ಕೆಂಪುಮಣ್ಣನ್ನು ಗಟ್ಟಿಯಾಗಿ ತುಂಬಿದರೆ ಜರಿಗಿಡ ಉಸಿರು ಕಟ್ಟಿ ಸಾಯುತ್ತದೆ. ಚೆನ್ನಾಗಿ ಕೊಳೆತ ತರಗೆಲೆ ಗೊಬ್ಬರ, ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್, ದಪ್ಪ ಮರಳು, ಜೊತೆಗೆ ಇದ್ದಿಲಿನ ಚೂರು ಸೇರಿಸಿ. ಮಿಶ್ರಣವನ್ನು ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನೀರಿಗೆ ವೇಳಾಪಟ್ಟಿ ಬೇಡ. ಬೆರಳಿಟ್ಟು ನೋಡಿ, ಮೇಲುಮಣ್ಣು ಆರುತ್ತಾ ಬಂದಿದ್ದರೆ ಹಾಕಿ. ಪೂರ್ತಿ ಒಣಗುವವರೆಗೆ ಮಾತ್ರ ಕಾಯಬೇಡಿ. ಬೆಂಗಳೂರಿನ ಬಹಳಷ್ಟು ಬೋರ್‌ವೆಲ್ ನೀರು ಗಡುಸು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯೆಂದರೆ ಬೇರಿನ ಸುತ್ತಲೂ ಅದೇ ಕಟ್ಟುತ್ತಿದೆ ಎಂದರ್ಥ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಅದನ್ನು ಮೊದಲು ಜರಿಗಿಡಕ್ಕೆ ಕೊಡಿ.

ಬೆಳಕಿಗೆ ಒಂದು ಸುಲಭ ಪರೀಕ್ಷೆ: ದೀಪ ಹಾಕದೆ ಹಗಲಲ್ಲಿ ಪತ್ರಿಕೆ ಓದಬಹುದಾದ ಜಾಗ ಸಾಕು. ಪೂರ್ವದ ಕಿಟಕಿಯ ಎಳೆಬಿಸಿಲು ನಡೆಯುತ್ತದೆ, ಪಶ್ಚಿಮದ ಮಧ್ಯಾಹ್ನದ ಬಿಸಿಲು ಸುಡುತ್ತದೆ. "ನೆರಳಿನ ಗಿಡ" ಅಂತ ಮೆಟ್ಟಿಲಿನ ಕೆಳಗಿನ ಕತ್ತಲಿಗೆ ತಳ್ಳುವುದೂ ತಪ್ಪೇ.

ನಿಜವಾದ ಕಷ್ಟ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಯದ್ದು. ಕರಾವಳಿಯವರಿಗೆ ಇದು ಗೊತ್ತೇ ಆಗುವುದಿಲ್ಲ, ಬಯಲುಸೀಮೆಯವರಿಗೆ ಚೆನ್ನಾಗಿ ಗೊತ್ತು. ಎಲೆಗೆ ನೀರು ಚಿಮುಕಿಸಿದರೆ ಗಿಡಕ್ಕಿಂತ ಹೆಚ್ಚು ಸಮಾಧಾನ ನಮಗೇ. ಗಾಳಿಯ ಪಸೆ ಕೆಲವೇ ನಿಮಿಷಗಳಲ್ಲಿ ಹೋಗಿಬಿಡುತ್ತದೆ. ಅದಕ್ಕಿಂತ, ಕುಂಡಗಳನ್ನೆಲ್ಲ ಒತ್ತೊತ್ತಾಗಿ ಗುಂಪುಗೂಡಿಸಿ. ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ತುಂಬಿ, ಕುಂಡದ ತಳ ನೀರಿಗೆ ತಾಕದಂತೆ ಕಲ್ಲಿನ ಮೇಲೆ ಕೂರಿಸಿ. ಕಿಟಕಿ ಇರುವ ಬಚ್ಚಲುಮನೆ ಇದ್ದರೆ ಬೇಸಿಗೆಯ ಎರಡು ತಿಂಗಳು ಅಲ್ಲೇ ಇರಲಿ.

ಇಷ್ಟಕ್ಕೂ ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಗಿಡ ಬೆಳೆಸುವ ಹವ್ಯಾಸ ಜನಪ್ರಿಯವಾದದ್ದರ ಹಿಂದೆಯೂ ಒಂದು ಜರಿಗಿಡವಿದೆ. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಅವರಿಗೆ ಜರಿಗಿಡ ಬೆಳೆಸುವ ಆಸೆ. ಊರಿನ ಕಲ್ಲಿದ್ದಲ ಹೊಗೆಗೆ ಒಂದೂ ಉಳಿಯುತ್ತಿರಲಿಲ್ಲ. 1829ರ ಸುಮಾರಿಗೆ ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನ ಜೊತೆ ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರಿಗಿಡ ಮೊಳೆತು ಹಸಿರಾಗಿ ನಿಂತಿತು. ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಅದರಿಂದ ಹುಟ್ಟಿದ ವಾರ್ಡ್ ಪೆಟ್ಟಿಗೆ ಮುಂದೆ ಹಡಗು ಹತ್ತಿತು. ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದು ಅಂಥ ಪೆಟ್ಟಿಗೆಗಳಲ್ಲಿ.

ಹೊಸಬರು ಯಾವ ಗಿಡದಿಂದ ಶುರುಮಾಡಬೇಕು? ನೆಫ್ರೊಲೆಪಿಸ್ ಜಾತಿಯಿಂದ ಅನ್ನುತ್ತೇನೆ. ನರ್ಸರಿಗಳಲ್ಲಿ ಬಾಸ್ಟನ್ ಫರ್ನ್ ಎಂದು ಮಾರುವುದು ಇದರದೇ ತಳಿ. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ ಸೀಮೆಗೆ ಹೋದ ಗಿಡಗಳ ನಡುವೆ ಬೇರೆ ಥರ ಬಾಗಿದ ಎಲೆಯದೊಂದು ಕಣ್ಣಿಗೆ ಬಿದ್ದು ಆ ಹೆಸರು ಬಂತು. ಇದೇ ಕುಲದ ಕಾರ್ಡಿಫೋಲಿಯಾ ಎಂಬುದರ ಬೇರಿನ ನಡುವೆ ನೀರು ತುಂಬಿದ ದುಂಡನೆ ಗೆಡ್ಡೆಗಳಿರುತ್ತವೆ. ಕುಂಡ ಬದಲಿಸುವಾಗ ಅವನ್ನು ರೋಗವೆಂದು ಕಿತ್ತು ಬಿಸಾಡಬೇಡಿ. ಒಂದೆರಡು ದಿನ ನೀರು ತಪ್ಪಿದರೂ ಗಿಡ ತಾಳಿಕೊಳ್ಳಲು ಅವು ನೆರವಾಗುತ್ತವೆ. ಬಾವಿಯ ಗೋಡೆಯ ಆ ಕಪ್ಪುಕಡ್ಡಿಯ ಅಡಿಯಾಂಟಮ್ ಮಾತ್ರ ಬಹಳ ನಾಜೂಕು. ಒಮ್ಮೆ ನೀರು ತಪ್ಪಿದರೆ ಎಲೆಯೆಲ್ಲ ಸುರುಟಿಕೊಳ್ಳುತ್ತದೆ. ಹಾಗಾದರೆ ಬುಡಕ್ಕೇ ಕತ್ತರಿಸಿ, ಮಣ್ಣು ಒದ್ದೆಯಾಗಿಟ್ಟು ಕೆಲವು ವಾರ ಕಾಯಿರಿ. ಬೇರುಕಾಂಡ ಬದುಕಿದ್ದರೆ ಪುಟ್ಟ ಚಕ್ಕುಲಿಯಂತೆ ಸುತ್ತಿಕೊಂಡ ಹೊಸ ಎಲೆ ಮೇಲೇಳುತ್ತದೆ. ಹಕ್ಕಿಗೂಡಿನ ಆಕಾರದ ಆಸ್ಪ್ಲೀನಿಯಮ್‌ಗೆ ನಡುಗುಳಿಯಲ್ಲಿ ನೀರು ನಿಲ್ಲಿಸಬಾರದು, ಕೊಳೆಯುತ್ತದೆ. ಹಲಗೆಗೆ ಕಟ್ಟಿ ಬೆಳೆಸುವ, ಜಿಂಕೆಕೊಂಬಿನಂಥ ಎಲೆಯ ಪ್ಲಾಟಿಸೀರಿಯಮ್‌ನಲ್ಲಿ ಬುಡದ ಎಲೆಗಳು ಕಂದಾಗುವುದು ಸಹಜ. ಅವು ಬೇರನ್ನು ಕಾಯುತ್ತವೆ, ಕೀಳಬೇಡಿ.

ಇನ್ನು ಎಲೆಯ ಹಿಂಬದಿ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆದವರು ಒಂದು ಆಟ ಮರೆತಿರಲಾರರು: ಬೆಳ್ಳಿಪುಡಿ ಮೆತ್ತಿದಂಥ ಜರಿ ಎಲೆಯನ್ನು ಕೈಯ ಹಿಂಬದಿಗಿಟ್ಟು ಪಟ್ಟನೆ ತಟ್ಟಿದರೆ ಬಿಳಿಯ ಅಚ್ಚು ಮೂಡುತ್ತದೆ. ಆ ಪುಡಿ ಎಲೆ ಸುರಿಸುವ ಮೇಣದಂಥ ವಸ್ತು. ಆ ಗಿಡ ಅಮೆರಿಕ ಖಂಡದಿಂದ ಬಂದು ಇಲ್ಲಿಯದೇ ಆಗಿಬಿಟ್ಟದ್ದು. ಕುಂಡದ ಜರಿಗಿಡದ ಎಲೆ ಮಗುಚಿದರೆ ಕಾಣುವುದು ಕಂದು ಚುಕ್ಕೆಗಳ ಸಾಲು. ಹುಳು ಹತ್ತಿತೆಂದು ಗಾಬರಿಬಿದ್ದು ಔಷಧಿ ಹೊಡೆಯುವವರಿದ್ದಾರೆ. ಅಳತೆಯಿಟ್ಟಂತೆ ಸಾಲಾಗಿದ್ದರೆ ಅದು ಗಿಡದ ವಂಶ, ಅಂದರೆ ಬೀಜಕಗಳ ಗಂಟು. ಹೂ, ಬೀಜ ಇಲ್ಲದ ಗಿಡಕ್ಕೆ ಅದೇ ದಾರಿ. ಕಡ್ಡಿಯ ಮೇಲೂ ಎಲೆಯ ಮೇಲೂ ಅಡ್ಡಾದಿಡ್ಡಿ ಅಂಟಿಕೊಂಡು, ಉಗುರಿನಿಂದ ಕೆರೆದರೆ ಏಳುವಂತಿದ್ದರೆ ಅದು ಶಲ್ಕ ಕೀಟ. ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಜರಿ ಎಲೆ ಎಣ್ಣೆ, ಔಷಧಿಗಳಿಗೆ ಬೇಗ ಸುಡುತ್ತದೆ. ಬೇವಿನೆಣ್ಣೆಯಾದರೂ ಒಂದು ಎಲೆಗೆ ಮೊದಲು ಹಚ್ಚಿ ನೋಡಿ. ಗೊಬ್ಬರವೂ ಹಾಗೆಯೇ, ಪೊಟ್ಟಣದಲ್ಲಿ ಹೇಳಿದ್ದರ ಅರ್ಧ, ಅದೂ ಹೊಸ ಎಲೆ ಬಿಡುವ ಕಾಲದಲ್ಲಿ ಮಾತ್ರ.

ಘಟ್ಟಕ್ಕೆ ಪ್ರವಾಸ ಹೋದಾಗ ಕಾರಿನ ಡಿಕ್ಕಿಯಲ್ಲಿ ಕಾಡಿನ ಜರಿಗಿಡ ಕಿತ್ತು ತರುವವರಿಗೆ ಒಂದು ಮಾತು. ಅವುಗಳಲ್ಲಿ ಹೆಚ್ಚಿನವು ಊರಿಗೆ ಬಂದು ತಿಂಗಳು ಉಳಿಯುವುದಿಲ್ಲ. ಮರದಂತೆ ಬೆಳೆಯುವ ಸಯಾಥಿಯಾದಂಥವುಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವೇ ಇದೆ.

ಗಿಡ ಹೆಚ್ಚಿಸಬೇಕೇ? ಮಳೆಗಾಲದ ಆರಂಭದಲ್ಲಿ ಬುಡ ಸೀಳಿ ಎರಡು ಕುಂಡ ಮಾಡುವುದು ಸುಲಭ. ತಾಳ್ಮೆಯಿದ್ದವರು ಬೀಜಕದಿಂದ ಬೆಳೆಸಿ ನೋಡಿ. ಚುಕ್ಕೆ ಬಲಿತ ಎಲೆಯನ್ನು ಬಿಳಿ ಕಾಗದದ ನಡುವೆ ಮಡಚಿಡಿ, ಒಂದೆರಡು ದಿನದಲ್ಲಿ ಕಂದು ಧೂಳು ಉದುರುತ್ತದೆ. ಒಂದು ಇಟ್ಟಿಗೆಯನ್ನು ಕುದಿಸಿ ಆರಿಸಿ, ನೀರಿನ ತಟ್ಟೆಯಲ್ಲಿಟ್ಟು, ಧೂಳನ್ನು ಮೇಲೆ ತೆಳ್ಳಗೆ ಉದುರಿಸಿ ಗಾಜಿನ ಪಾತ್ರೆ ಬೋರಲು ಹಾಕಿ. ವಾರಗಳು ಕಳೆದ ಮೇಲೆ ಹಸಿರು ಪೊರೆ ಕಟ್ಟುತ್ತದೆ, ಆಮೇಲೆ ಉಗುರಿಗಿಂತ ಚಿಕ್ಕದಾದ ಹೃದಯದಾಕಾರದ ಚಪ್ಪಟೆ ಸಸ್ಯಗಳು. ಜರಿಗಿಡ ಹುಟ್ಟಬೇಕಾದರೆ ಇವುಗಳಲ್ಲಿನ ಗಂಡು ಕಣ ಹೆಣ್ಣು ಕಣದ ಬಳಿಗೆ ಈಜಿಯೇ ಹೋಗಬೇಕು. ಆದ್ದರಿಂದ ಈ ಹಂತದಲ್ಲಿ ನೀರಿನ ಸಣ್ಣ ಹನಿ ಮೇಲೆ ಬೀಳಲೇಬೇಕು, ಕುದಿಸಿ ಆರಿಸಿದ ನೀರನ್ನೇ ಚಿಮುಕಿಸಿ. ಮೊದಲ ನಿಜವಾದ ಎಲೆಗಳು ಬಂದಾಗ ಗಾಜನ್ನು ದಿನಕ್ಕಿಷ್ಟು ಓರೆ ಮಾಡುತ್ತಾ ಹೊರಗಾಳಿ ರೂಢಿ ಮಾಡಿಸಿ. ಎಲೆ ಮೂರು ನಾಲ್ಕಾದ ಮೇಲೆ, ಚಮಚದ ತುದಿಯಿಂದ ಎಬ್ಬಿಸಿ ಸಣ್ಣ ಕುಂಡಕ್ಕೆ ನೆಡಿ.

ನಮಸ್ಕಾರ.